ಸೈಕಲ್ ರಿಕ್ಷಾ: ಆರೈಕೆ ಮತ್ತು ಸುರಕ್ಷತೆ



ಹಳೆಯ ದೆಹಲಿಯ ಓಣಿಗಳಲ್ಲಾಗಲಿ, ಮೆಟ್ರೋ ನಿಲ್ದಾಣಗಳ ಹೊರಗಾಗಲಿ ಸೈಕಲ್ ರಿಕ್ಷಾ ಇಂದಿಗೂ ಕಾಣಸಿಗುವ ವಾಹನ. ಉದ್ಯೋಗ ನಿಮಿತ್ತ ರಾಜಧಾನಿಯಲ್ಲಿ ನೆಲೆಸಿರುವ ಕನ್ನಡಿಗರಿಗೂ ಅದು ಚಿರಪರಿಚಿತ. ಹೊಗೆಯಿಲ್ಲ, ಇಂಧನದ ಖರ್ಚಿಲ್ಲ ಎಂದು ಎಲ್ಲರೂ ಅದನ್ನು ಮೆಚ್ಚುತ್ತಾರೆ. ಆದರೆ ಅಲ್ಲಿ ಇಂಧನದ ಬದಲು ವ್ಯಯವಾಗುವುದು ಚಾಲಕನ ದೇಹಬಲ.

ಆರೋಗ್ಯವಂತ ವ್ಯಕ್ತಿಯೊಬ್ಬನು ಗಂಟೆಗಟ್ಟಲೆ ಸತತವಾಗಿ ಪೆಡಲು ತುಳಿದು ಒದಗಿಸಬಲ್ಲ ಶಕ್ತಿ ಸುಮಾರು 75 ವಾಟ್; ಅಂದರೆ ಒಂದು ಅಶ್ವಶಕ್ತಿಯ ಹತ್ತನೆಯ ಒಂದು ಭಾಗ. ಗಾಡಿ, ಚಾಲಕ ಹಾಗೂ ಇಬ್ಬರು ಪ್ರಯಾಣಿಕರು ಸೇರಿದರೆ ತೂಕ 200 ಕಿಲೋಗ್ರಾಂ ಮೀರುತ್ತದೆ. ಗಾಳಿ ಇಳಿದ ಟೈರು, ತುಕ್ಕು ಹಿಡಿದ ಚೈನು, ಗ್ರೀಸು ಒಣಗಿದ ಬೇರಿಂಗು ಇವುಗಳಲ್ಲಿ ಪೋಲಾಗುವ ಶಕ್ತಿಯನ್ನು ಚಾಲಕನು ತನ್ನ ಮೈಯಿಂದಲೇ ತೆರಬೇಕು. ಆದುದರಿಂದ ರಿಕ್ಷಾವನ್ನು ಸುಸ್ಥಿತಿಯಲ್ಲಿಡುವುದು ದುಡಿಯುವ ಮನುಷ್ಯನನ್ನು ಕಾಪಾಡುವ ಕಾರ್ಯವೇ ಆಗಿದೆ.

ಪ್ರತಿದಿನ ಮೊದಲ ಸವಾರಿಗೆ ಮುನ್ನ ಬ್ರೇಕನ್ನು ಪರೀಕ್ಷಿಸತಕ್ಕದ್ದು. ಹಳೆಯ ಮಾದರಿಯ ಅನೇಕ ರಿಕ್ಷಾಗಳಲ್ಲಿ ಬ್ರೇಕು ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಅದು ಕೈಕೊಟ್ಟರೆ, ಮೇಲ್ಸೇತುವೆಯ ಇಳಿಜಾರಿನಲ್ಲಿ ಇಷ್ಟು ಭಾರದ ಗಾಡಿಯನ್ನು ಪಾದವೂರಿ ನಿಲ್ಲಿಸುವುದು ಅಸಾಧ್ಯ. ಖಾಲಿ ಗಾಡಿಯನ್ನು ನಾಲ್ಕು ಹೆಜ್ಜೆ ತಳ್ಳಿ ಬ್ರೇಕು ಹಿಡಿದಾಗ ಚಕ್ರ ಕೂಡಲೇ ನಿಲ್ಲಬೇಕು. ಬ್ರೇಕಿನ ರಬ್ಬರು ಸವೆದಿದ್ದರೆ ತಡಮಾಡದೆ ಬದಲಾಯಿಸಬೇಕು. ರಿಮ್ಮಿನ ಮೇಲೆ ಎಣ್ಣೆ ತಾಗದಂತೆ ಎಚ್ಚರ ವಹಿಸಬೇಕು. ಮೂರು ಟೈರುಗಳಲ್ಲಿಯೂ ಅವುಗಳ ಬದಿಯಲ್ಲಿ ಅಚ್ಚೊತ್ತಿರುವ ಪ್ರಮಾಣದಷ್ಟು ಗಾಳಿ ಇರುವುದು ಅವಶ್ಯ.

ವಾರಕ್ಕೊಮ್ಮೆ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು. ದ್ವಿಚಕ್ರದ ಸೈಕಲ್ಲು ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ಮೂರು ಚಕ್ರದ ರಿಕ್ಷಾ ಹಾಗೆ ವಾಲಲಾರದು. ಆದಕಾರಣ ತಿರುವಿನಲ್ಲಿ ಅದರ ಚಕ್ರಗಳ ಮೇಲೆ ಅಡ್ಡಲಾಗಿ ಒತ್ತಡ ಬೀಳುತ್ತದೆ. ಸಡಿಲವಾದ ಒಂದು ಕಡ್ಡಿಯನ್ನು ಅಲಕ್ಷಿಸಿದರೆ ಅದರ ಭಾರ ನೆರೆಯ ಕಡ್ಡಿಗಳ ಮೇಲೆ ಬಿದ್ದು ಅವೂ ತುಂಡಾಗುತ್ತವೆ. ಕೊನೆಗೆ ರಿಮ್ಮೇ ಸೊಟ್ಟಗಾಗುತ್ತದೆ.

ಚೈನಿನ ಧೂಳನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಕೊಂಡಿಗಳ ಸಂದಿಗೆ ಹನಿಹನಿಯಾಗಿ ಎಣ್ಣೆ ಬಿಡಬೇಕು. ಹೆಚ್ಚಾದ ಎಣ್ಣೆಯನ್ನು ಒರೆಸಿ ತೆಗೆಯದಿದ್ದರೆ ಅದಕ್ಕೆ ಮತ್ತೆ ಧೂಳು ಅಂಟಿ, ಅದೇ ಅರದಂತೆ ಚೈನನ್ನು ಸವೆಸುತ್ತದೆ. ಸವೆತವನ್ನು ಅಳೆಯಲು ಸಾಧಾರಣ ಅಡಿಪಟ್ಟಿಯೊಂದು ಸಾಕು. ಅರ್ಧ ಅಂಗುಲದ 24 ಕೊಂಡಿಗಳು ಸರಿಯಾಗಿ 12 ಅಂಗುಲ ಇರಬೇಕು. ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಾದರೆ ಚೈನು ಬದಲಾಯಿಸುವ ಕಾಲ ಬಂದಿತೆಂದು ತಿಳಿಯಬೇಕು. ಎಂಟನೆಯ ಒಂದು ಭಾಗದವರೆಗೆ ಕಾದರೆ ಹಲ್ಲಿನ ಚಕ್ರಗಳೂ ಸವೆದು ಖರ್ಚು ಹಲವು ಪಟ್ಟಾಗುತ್ತದೆ.

ಮಳೆಗಾಲದ ಮೊದಲೂ ಆನಂತರವೂ ಚಕ್ರಗಳ ಮತ್ತು ಪೆಡಲುಗಳ ಬೇರಿಂಗುಗಳನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬುವುದು ಲೇಸು. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ದೆಹಲಿಯನ್ನು ದಟ್ಟ ಮಂಜು ಆವರಿಸುತ್ತದೆ. ಆಗ ಗಾಡಿಯ ಹಿಂಬದಿಯ ಕೆಂಪು ಪ್ರತಿಫಲಕವನ್ನು ದಿನವೂ ಒರೆಸುವ ಒಂದು ನಿಮಿಷದ ಕೆಲಸ ಪ್ರಾಣವನ್ನೇ ಉಳಿಸಬಹುದು.

ಇಷ್ಟು ಸರಳವಾದ ಕೆಲಸ ಹಲವೆಡೆ ನಡೆಯದಿರಲು ಕಾರಣವೇನು? ಬಹುಪಾಲು ಚಾಲಕರು ದಿನಬಾಡಿಗೆಗೆ ರಿಕ್ಷಾ ಪಡೆಯುತ್ತಾರೆ. ತುಳಿಯುವವನಿಗೆ ಗಾಡಿ ತನ್ನದಲ್ಲ. ಗಾಡಿಯ ಒಡೆಯನು ಅದನ್ನು ತುಳಿಯುವುದಿಲ್ಲ. ಚಾಲಕನೇ ಒಡೆಯನಾಗಿರಬೇಕೆಂಬ ಹಳೆಯ ನಿಯಮವನ್ನು ದೆಹಲಿ ಉಚ್ಚ ನ್ಯಾಯಾಲಯವು 2010ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಬಾಡಿಗೆಯ ವ್ಯವಸ್ಥೆಗೆ ಹೀಗೆ ಕಾನೂನಿನ ಮನ್ನಣೆ ದೊರೆತ ಮೇಲೆ ಹೊಣೆಯೂ ಸ್ಪಷ್ಟವಾಗಬೇಕು. ಬ್ರೇಕು, ಚೈನು, ಬೇರಿಂಗುಗಳ ದುರಸ್ತಿಯ ವೆಚ್ಚ ಬಾಡಿಗೆ ಪಡೆಯುವ ಒಡೆಯನಿಗೆ ಸೇರಿದ್ದು. ಬೆಳಗಿನ ತಪಾಸಣೆ ಮತ್ತು ದೋಷವನ್ನು ಕೂಡಲೇ ತಿಳಿಸುವ ಕೆಲಸ ಚಾಲಕನದು. ದೋಷವಿರುವ ಗಾಡಿಯನ್ನು ನಿರಾಕರಿಸಿದ ಚಾಲಕನಿಗೆ ಅಂದಿನ ದುಡಿಮೆ ತಪ್ಪದಂತೆ ಬೇರೊಂದು ಗಾಡಿ ದೊರೆಯುವುದು ನ್ಯಾಯ.

ಪ್ರಯಾಣಿಕರ ಪಾತ್ರವೂ ಇದರಲ್ಲಿ ಕಿರಿದಲ್ಲ. ಇಬ್ಬರು ಕೂರುವ ಆಸನದಲ್ಲಿ ನಾಲ್ವರು ಕುಳಿತರೆ ಕಡ್ಡಿಯೂ ಆಕ್ಸಲೂ ಬಾಳಲಾರವು. ಏರುರಸ್ತೆಯಲ್ಲಿ ಕ್ಷಣಕಾಲ ಇಳಿದು ನಡೆಯುವುದು, ಬ್ರೇಕು ಸರಿಯಿದೆಯೇ ಎಂದು ಹತ್ತುವ ಮುನ್ನ ಸೌಜನ್ಯದಿಂದ ವಿಚಾರಿಸುವುದು ಯಾರಿಗೂ ಕಷ್ಟವಲ್ಲ. ಒಂದು ಹನಿ ಎಣ್ಣೆ, ಒಂದು ತುಂಡು ರಬ್ಬರು, ಒಂದಿಷ್ಟು ಗಾಳಿ ಇವು ಅಲ್ಪ ಬೆಲೆಯ ವಸ್ತುಗಳು. ಅವುಗಳ ಕೊರತೆಯನ್ನು ಒಬ್ಬ ಶ್ರಮಜೀವಿಯ ಮೊಣಕಾಲುಗಳೂ ಶ್ವಾಸಕೋಶಗಳೂ ತುಂಬಿಕೊಡುವಂತಾಗಬಾರದು.