ಇಲ್ಲೂ ಸರ್ಕಾರಕ್ಕೆ ಬೀಗ ಬೀಳುತ್ತಾ?

2025ರ ಅಕ್ಟೋಬರ್ 1ರಿಂದ 43 ದಿನ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಎಷ್ಟೋ ಕೆಲಸ ನಿಂತುಹೋಯ್ತು, ಲಕ್ಷಾಂತರ ನೌಕರರಿಗೆ ಸಂಬಳ ನಿಂತಿತ್ತು. ಇಲ್ಲಿ ಭದ್ರಾವತಿಯ ಹೊಸಮನೆಯಲ್ಲಿ ಟೀ ಅಂಗಡಿ ಮುಂದೆ ಅದೇ ಜಗಳ: ನಮ್ಮಲ್ಲೂ ಹೀಗಾಗುತ್ತಾ? ಒಬ್ಬ ಮೋದಿ ಅಂದ, ಇನ್ನೊಬ್ಬ ಸಿದ್ದರಾಮಯ್ಯ ಅಂದ. ನಿಯಮ ಏನು ಅಂತ ಯಾರೂ ಕೇಳಲಿಲ್ಲ!

ಅಲ್ಲಿ ಸಂಸತ್ತು ದುಡ್ಡು ಕೊಡದಿದ್ರೂ ಅಧ್ಯಕ್ಷರು ಕುರ್ಚಿಯಲ್ಲೇ ಇರ್ತಾರೆ. ನಮ್ಮಲ್ಲಿ ಖರ್ಚಿಗೆ ವಿಧಾನಸಭೆ ಒಪ್ಪದಿದ್ರೆ ಸರ್ಕಾರವೇ ಇಳೀಬೇಕು. ದೆಹಲಿಯಲ್ಲಿ ಲೋಕಸಭೆಗೂ ಇದೇ ಲೆಕ್ಕ.

ಆದ್ರೂ 2019 ನೆನಪಿಸಿಕೊಳ್ಳಿ. ಕುಮಾರಸ್ವಾಮಿ ಸರ್ಕಾರ ಪಡೆದಿದ್ದ ಲೇಖಾನುದಾನ ಜುಲೈ 31ಕ್ಕೆ ಮುಗೀತಿತ್ತು. ಜುಲೈ 23ಕ್ಕೆ ಸರ್ಕಾರವೇ ಬಿತ್ತು, 99ಕ್ಕೆ ಎದುರಾಗಿ 105 ಮತ. 26ಕ್ಕೆ ನಮ್ಮ ಶಿಕಾರಿಪುರದ ಯಡಿಯೂರಪ್ಪ ಪ್ರಮಾಣವಚನ ತಗೊಂಡ್ರು. 29ಕ್ಕೆ ವಿಶ್ವಾಸಮತ, ಅದೇ ದಿನ ಧನವಿನಿಯೋಗ ಮಸೂದೆಯೂ ಪಾಸ್. ಉಳಿದಿದ್ದು ಎರಡೇ ದಿನ! ಅದು ಆಗದಿದ್ರೆ ಆಗಸ್ಟ್‌ನಲ್ಲಿ ಮೇಷ್ಟ್ರ ಸಂಬಳಕ್ಕೂ ಖಜಾನೆಯಿಂದ ದುಡ್ಡು ತೆಗೆಯೋ ಹಾಗಿರಲಿಲ್ಲ. ಆ ತಿಂಗಳು ಟಿವಿ ತುಂಬಾ ಇದ್ದಿದ್ದು ಮಾತ್ರ ಮುಂಬೈ ಹೋಟೆಲಿನಲ್ಲಿದ್ದ ಶಾಸಕರು.

ನನ್ನನ್ನ ಕೇಳಿದ್ರೆ, ಮೋದಿನಾ ಸಿದ್ದರಾಮಯ್ಯನಾ ಅನ್ನೋ ಜಗಳಕ್ಕಿಂತ ಇದೇ ದೊಡ್ಡ ಸುದ್ದಿ. ಮುಂದಿನ ಬಜೆಟ್ ಅಧಿವೇಶನದಲ್ಲಿ ಈ ಮಸೂದೆ ಮೇಲೆ ಎಷ್ಟು ಹೊತ್ತು ಚರ್ಚೆಯಾಗುತ್ತೆ, ಫೋನಲ್ಲಿ ಟೈಮ್ ನೋಡ್ಕೊಳ್ಳಿ.