ಗಾಳದ ಜಾಡು ಹಿಡಿದು: ಯೋಶಿಹಿಕೊ ಸಿನೊಟೊ



ಭೂಪಟದಲ್ಲಿ ಹವಾಯಿ, ನ್ಯೂಜಿಲೆಂಡ್, ಈಸ್ಟರ್ ದ್ವೀಪ, ಈ ಮೂರನ್ನು ಗೆರೆ ಎಳೆದು ಸೇರಿಸಿದರೆ ಬರುವ ತ್ರಿಕೋನವೇ ಪಾಲಿನೇಷ್ಯಾ. ಒಳಗೆಲ್ಲ ನೀರೇ ನೀರು, ಅಲ್ಲಲ್ಲಿ ಚುಕ್ಕೆಯಂಥ ದ್ವೀಪಗಳು. ಯುರೋಪಿನ ಹಡಗುಗಳು ಬರುವ ಎಷ್ಟೋ ಮೊದಲೇ ಅಲ್ಲಿ ಜನ ನೆಲೆಸಿದ್ದರು. ಹೇಗೆ ತಲುಪಿದರು? 1956ರಲ್ಲಿ ನ್ಯೂಜಿಲೆಂಡಿನ ಆಂಡ್ರ್ಯೂ ಶಾರ್ಪ್ ಒಂದು ಪುಸ್ತಕವನ್ನೇ ಬರೆದು, ಉಪಕರಣಗಳಿಲ್ಲದೆ ಅಷ್ಟು ದೂರ ಬೇಕೆಂದೇ ಹೋಗಿ ಬರಲು ಸಾಧ್ಯವಿಲ್ಲ, ಗಾಳಿಗೆ ಸಿಕ್ಕಿ ದಾರಿ ತಪ್ಪಿ ಸೇರಿದವರೇ ಹೆಚ್ಚು ಎಂದರು. ಒಂದಿಡೀ ಜನಾಂಗದ ಜಾಣ್ಮೆಯನ್ನು ಅದೃಷ್ಟದ ಖಾತೆಗೆ ಹಾಕಿಬಿಡುವ ಮಾತದು!

ಸಿನೊಟೊ 1924ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. 1954ರಲ್ಲಿ ಓದಿಗಾಗಿ ಕ್ಯಾಲಿಫೋರ್ನಿಯಾಕ್ಕೆ ಹೊರಟವರು ದಾರಿಯಲ್ಲಿ ಹವಾಯಿಯಲ್ಲಿ ಇಳಿದು, ಬಿಷಪ್ ಮ್ಯೂಸಿಯಂನ ಕೆನೆತ್ ಎಮೊರಿ ನಡೆಸುತ್ತಿದ್ದ ಉತ್ಖನನ ನೋಡಲು ಹೋದರು. ಅಲ್ಲೇ ಉಳಿದುಬಿಟ್ಟರು.

ಸಾಮಾನ್ಯವಾಗಿ ಪುರಾತತ್ತ್ವಜ್ಞರು ಮಡಕೆ ಚೂರು ನೋಡಿ ಕಾಲ ಹೇಳುತ್ತಾರೆ. ಹವಾಯಿಯಲ್ಲಿ ಮಡಕೆಯೇ ಇರಲಿಲ್ಲ. ಸಿಕ್ಕಿದ್ದು ಮೂಳೆಯ ಮೀನುಗಾಳಗಳು. ದಾರ ಕಟ್ಟುವ ತುದಿಯಲ್ಲಿ ಹಳೆಯ ಗಾಳಗಳಿಗೆ ಕಚ್ಚು, ನಂತರದವಕ್ಕೆ ಗುಬುಟು. ಇಷ್ಟು ಚಿಕ್ಕ ವ್ಯತ್ಯಾಸ ಹಿಡಿದು ಅವರು ಗಾಳಗಳ ಕಾಲಾನುಕ್ರಮ ಕಟ್ಟಿದರು. ನಮ್ಮ ಐಟಿ ಭಾಷೆಯಲ್ಲಿ ಅದು ಗಾಳದ ವರ್ಷನ್ ಹಿಸ್ಟರಿ. ದ್ವೀಪದಿಂದ ದ್ವೀಪಕ್ಕೆ ಅವನ್ನು ಹೋಲಿಸುತ್ತಾ ಜನರ ಸಂಚಾರದ ಜಾಡು ಹಿಡಿದರು.

ಆದರೆ ದೋಣಿ ಎಲ್ಲಿ? ಮರ ಮಣ್ಣಲ್ಲಿ ಉಳಿಯುವುದಿಲ್ಲ. 1976ರಲ್ಲಿ 'ಹೊಕುಲೆಯಾ' ಎಂಬ ಜೋಡಿ ದೋಣಿ, ಮೈಕ್ರೊನೇಷ್ಯಾದ ಮಾವು ಪಿಯಾಇಲುಗ್ ನಕ್ಷತ್ರ, ಅಲೆಗಳನ್ನು ನೋಡಿ ದಾರಿ ತೋರಿದಂತೆ, ಹವಾಯಿಯಿಂದ ಟಹೀಟಿ ತಲುಪಿತು. ಸಾಧ್ಯ ಎಂದು ಗೊತ್ತಾಯಿತು. ಹಳೆಯ ಕಾಲದ ಸಾಕ್ಷಿ ಮಾತ್ರ ಬೇಕಿತ್ತು. ಹುವಾಹಿನೆ ದ್ವೀಪದಲ್ಲಿ ಒಂದು ಹೋಟೆಲ್‌ಗಾಗಿ ಕೊಳ ತೋಡುವಾಗ, ನ್ಯೂಜಿಲೆಂಡಿನ ಮಾವೊರಿಗಳ 'ಪಾತು' ಗದೆಯಂಥವು ಮೊದಲೇ ಸಿಕ್ಕಿದ್ದವು. 1977ರಲ್ಲಿ ಅದೇ ಕೆಸರಿನಿಂದ ಸಿನೊಟೊ ದೊಡ್ಡ ದೋಣಿಯೊಂದರ ಹಲಗೆಗಳನ್ನೂ ಚುಕ್ಕಾಣಿ ಹುಟ್ಟನ್ನೂ ತೆಗೆದರು. ನೀರು ನಿಂತ ಜಾಗವಾದ್ದರಿಂದ ಮರ ಕೊಳೆತಿರಲಿಲ್ಲ. ಹಲಗೆ ಸಿಕ್ಕ ಮಾತ್ರಕ್ಕೆ ಆ ದೋಣಿ ಎಲ್ಲಿಗೆ ಹೋಗಿತ್ತೆಂದು ಹೇಳಲಾಗದು, ನಿಜ. ಆದರೆ ದಡದ ಮೀನು ಹಿಡಿಯಲು ಯಾರೂ ಅಂಥ ದೋಣಿ ಕಟ್ಟುವುದಿಲ್ಲ.

ಅವರು ಹೇಳಿದ್ದೆಲ್ಲ ನಿಂತಿಲ್ಲ. ಮಾರ್ಕೇಸಸ್ ದ್ವೀಪಗಳಿಗೆ ಜನ ಬಂದ ಕಾಲವೆಂದು ಅವರು ಕೊಟ್ಟ ಲೆಕ್ಕವನ್ನು ಈಚಿನ ಕಾರ್ಬನ್ ಪರೀಕ್ಷೆಗಳು ಹಲವು ಶತಮಾನ ಈಚೆಗೆ ತಂದಿವೆ.

ಸಿನೊಟೊ 2017ರಲ್ಲಿ ತೀರಿಕೊಂಡರು. ಹುವಾಹಿನೆಯ ಮಾಯೆವಾ ಊರಿನಲ್ಲಿ ಪಾಳುಬಿದ್ದಿದ್ದ 'ಮರಾಎ' ಎಂಬ ಪೂಜಾಸ್ಥಳಗಳನ್ನು ಅವರು ಕಲ್ಲು ಕಲ್ಲು ಜೋಡಿಸಿ ಮತ್ತೆ ನಿಲ್ಲಿಸಿದ್ದರು. ಅಲ್ಲಿಯವರು ಅವರನ್ನು ಕರೆಯುತ್ತಿದ್ದುದು 'ತಾವೊತೆ ಸಿನೊಟೊ', ಅಂದರೆ ನಮ್ಮ ಡಾಕ್ಟ್ರು ಸಿನೊಟೊ.