ಗೆಜ್ಜೆ ಎಂಬ ಒಂದು ಪದ

ಇಂದು ಪ್ರಮಾಣಪತ್ರ ಪಡೆದ ಮಕ್ಕಳಿಗೆ ಅಭಿನಂದನೆಗಳು. ಮಳೆ, ಚಳಿ, ರೈಲು ಮುಷ್ಕರ ಎನ್ನದೆ ಅವರನ್ನು ಕರೆತಂದ ಪೋಷಕರಿಗೂ, ಕಲಿಸಿದ ಶಿಕ್ಷಕರಿಗೂ ನನ್ನ ವಂದನೆ. ನಾನು ಭಾಷಣಗಾರ್ತಿಯಲ್ಲ, ಇಲ್ಲಿ ಓದಿದ ಹುಡುಗಿಯೊಬ್ಬಳ ತಾಯಿ. ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ: ಗೆಜ್ಜೆ.

ನಮ್ಮ ಅನೇಕ ಮಕ್ಕಳಂತೆ ನನ್ನ ಮಗಳೂ ಭರತನಾಟ್ಯ ಕಲಿಯುತ್ತಾಳೆ. ಬರಿಗಾಲಲ್ಲಿ ಅಡವುಗಳನ್ನು ಅಭ್ಯಾಸ ಮಾಡಿ ವರ್ಷಗಳಾದ ಮೇಲೆ ಗುರುಗಳು ಗೆಜ್ಜೆಪೂಜೆಗೆ ಒಪ್ಪಿದರು. ನಟರಾಜನ ಮುಂದೆ ಗೆಜ್ಜೆಯಿಟ್ಟು ಪೂಜಿಸಿ, ಗುರುಗಳ ಕೈಯಿಂದ ಪಡೆದು ಕಟ್ಟಿಕೊಳ್ಳುವ ದಿನ ಅದು. ಸಂಭ್ರಮದಿಂದ ಹಾಸನದಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸುಮ್ಮನಾದರು. ಆಮೇಲೆ, "ಕಾರ್ಡಿನಲ್ಲಿ ಆ ಹೆಸರು ಹಾಕಿಸಬೇಡ ಕಣೇ" ಅಂದರು.

ಅಮ್ಮನಿಗೂ ಚಿಕ್ಕಂದಿನಲ್ಲಿ ಕುಣಿಯುವ ಆಸೆಯಿತ್ತಂತೆ. "ಗೆಜ್ಜೆ ಕಟ್ಟೋದು ನಮ್ಮ ಮನೆತನಕ್ಕಲ್ಲ" ಎಂದು ತಾತ ಬೈದಿದ್ದರಂತೆ. ಅದು ನನಗೆ ಅಂದೇ ಗೊತ್ತಾದದ್ದು.

ಮಗಳು "ಅಜ್ಜಿಗೆ ಯಾಕೆ ಬೇಜಾರು?" ಎಂದು ಕೇಳಿದಳು. ಮುಚ್ಚಿಡದೆ ಹೇಳಿದೆ. ಹೆಣ್ಣುಮಗಳ ಇಷ್ಟ ಕೇಳದೆ ಅವಳನ್ನು ವೇಶ್ಯಾವೃತ್ತಿಗೆ ಇಳಿಸುವ ಶಾಸ್ತ್ರಕ್ಕೂ ಇದೇ ಹೆಸರಿತ್ತು. ಎಂ.ಕೆ. ಇಂದಿರಾ ಅದನ್ನೇ ಕಾದಂಬರಿ ಮಾಡಿದರು. 1969ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಅಂಥ ಕಾಲದಲ್ಲೂ ನಾಟ್ಯವನ್ನು ಉಳಿಸಿದವರಿದ್ದರು. ಮೈಸೂರು ಅರಮನೆಯ ಕಲಾವಿದೆ ಜಟ್ಟಿ ತಾಯಮ್ಮನವರ ಶಿಷ್ಯೆ, ಲಂಬಾಣಿ ತಾಂಡಾದಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರಿಗೆ 1992ರಲ್ಲಿ ಪದ್ಮಭೂಷಣ ಬಂತು. ನಮ್ಮ ಮಕ್ಕಳ ಕಾಲಿಗೆ ಗೆಜ್ಜೆ ಇಷ್ಟು ಸುಲಭವಾಗಿ ಬಂದದ್ದು ಇಂಥವರಿಂದ.

ಎಲ್ಲ ಕೇಳಿಸಿಕೊಂಡು ಮಗಳು ತಾನೇ ಫೋನ್ ಎತ್ತಿದಳು. "ಅಜ್ಜಿ, ನನಗೆ ಯಾರೂ ಬಲವಂತ ಮಾಡಿಲ್ಲ. ನಾನೇ ಇಷ್ಟಪಟ್ಟು ಕಟ್ಟಿಕೊಳ್ತಾ ಇದೀನಿ. ನೀವೂ ನೋಡಬೇಕು" ಅಂದಳು. ಈ ಶಾಲೆಯಲ್ಲಿ ಕಲಿತ ಕನ್ನಡ ಅದು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ನಡುವೆ ನಿಂತು ಅನುವಾದ ಮಾಡಿದ್ದರೆ ಆ ಮಾತು ಅಲ್ಲಿಗೆ ಹೀಗೆ ಮುಟ್ಟುತ್ತಿರಲಿಲ್ಲ.

ಕಾರ್ಡಿನಲ್ಲಿ "ಗೆಜ್ಜೆಪೂಜೆ" ಎಂದೇ ಅಚ್ಚಾಯಿತು. ಆ ದಿನ ಅಮ್ಮ ವಿಡಿಯೋದಲ್ಲಿ ಕೊನೆವರೆಗೂ ನೋಡಿದರು. ಮುಗಿದ ಮೇಲೆ, "ಫೋನ್ ಸ್ವಲ್ಪ ಕಾಲ ಹತ್ತಿರ ಹಿಡಿಯೇ, ಇನ್ನೊಂದು ಸಲ ಕೇಳ್ತೀನಿ" ಅಂದರು.

ಪೋಷಕರಲ್ಲಿ ನನ್ನದೊಂದು ಕೋರಿಕೆ. ಮಕ್ಕಳಿಗೆ ಪದದ ಜೊತೆ ಅದರ ಕಥೆಯನ್ನೂ ಹೇಳೋಣ, ನೋವಿನ ಭಾಗವನ್ನು ಬಿಡದೆ. ಅರ್ಥಮಾಡಿಕೊಳ್ಳುವ ಶಕ್ತಿ ಅವರಿಗಿದೆ. ಉತ್ತರ ಕೊಡುವ ಭಾಷೆಯನ್ನು ಈ ಶಿಕ್ಷಕರು ಕೊಟ್ಟಿದ್ದಾರೆ.